ಆರಾಮ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ, ವ್ಯಾಸಪೀಠ: ಕೂತು ಓದಲು ಯಾವುದು ಒಳ್ಳೆಯದು?

ಪುಸ್ತಕ ಎಲ್ಲಿರುತ್ತದೋ ತಲೆ ಅಲ್ಲಿಗೆ ಹೋಗುತ್ತದೆ. ತಲೆ ಹೋದ ಕಡೆ ಕುತ್ತಿಗೆ, ಅದರ ಹಿಂದೆ ಬೆನ್ನು. ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಕೂತು ಓದಲು ಏನೇನಿದೆಯೋ ಅಷ್ಟನ್ನೂ ಈ ಮಳೆಗಾಲದಲ್ಲಿ ಬಳಸಿ ನೋಡಿದೆ. ಕೂರುವ ಜಾಗಕ್ಕಿಂತ ಪುಸ್ತಕ ಇಡುವ ಜಾಗವೇ ಮುಖ್ಯ ಅಂತ ಈಗ ನನಗೆ ಗಟ್ಟಿಯಾಗಿ ಅನಿಸುತ್ತಿದೆ.

ಮೊದಲು ಚಾವಡಿಯ ಆರಾಮ ಕುರ್ಚಿ. ಅಜ್ಜನ ಕಾಲದ್ದು, ಬೆತ್ತ ಹೆಣೆದದ್ದು, ಕಾಲು ಚಾಚುವಷ್ಟು ಉದ್ದ ಕೈಗಳಿರುವಂಥದ್ದು. ಹಿಂದಕ್ಕೆ ಒರಗಿದರೆ ಬೆನ್ನಿನ ಡಿಸ್ಕ್‌ಗಳ (ಬೆನ್ನುಮೂಳೆಗಳ ನಡುವಿನ ಮೆತ್ತೆಗಳ) ಮೇಲೆ ಒತ್ತಡ ಕಡಿಮೆಯಾಗುತ್ತದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ ಮತ್ತು ಜೊತೆಗಾರರು 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆದರೆ ಪುಸ್ತಕ ಹೊಟ್ಟೆಯ ಮೇಲೆ ಬರುತ್ತದೆ, ಗಲ್ಲ ಎದೆಗೆ ತಾಗುತ್ತದೆ. ಎತ್ತಿ ಹಿಡಿದರೆ ಭುಜ ಸೋಲುತ್ತದೆ. ಊಟವಾದ ಮೇಲೆ ಸ್ವಲ್ಪ ಹೊತ್ತು ಪೇಪರ್ ನೋಡಲು ಸಾಕು, ಅಷ್ಟೆ.

ಪ್ಲಾಸ್ಟಿಕ್ ಕುರ್ಚಿ ಮತ್ತು ಊಟದ ಮೇಜು. ಜಾಸ್ತಿ ಜನ ಓದುವುದು ಹೀಗೇ ಅಲ್ವಾ? ಈ ಕುರ್ಚಿಯ ಆಸನ ಹಿಂದಕ್ಕೆ ಇಳಿಜಾರು. ಸೊಂಟ ಒಳಗೆ ಜಾರಿ ಬೆನ್ನು ಗೂನಾಗುತ್ತದೆ. ಒಂದು ಬೈರಾಸು (ಟವೆಲ್) ಸುತ್ತಿ ಸೊಂಟದ ಹಿಂದೆ ಇಟ್ಟು, ಪಾದ ಪೂರ್ತಿ ನೆಲಕ್ಕೂರಿದರೆ ಇದು ಸರಿಹೋಗುತ್ತದೆ. ಸರಿಹೋಗದೆ ಉಳಿಯುವುದು ಕುತ್ತಿಗೆ. ಪುಸ್ತಕ ಮೇಜಿನ ಮೇಲೆ ಮಲಗಿರುತ್ತದಲ್ಲ! ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಅದನ್ನು 60 ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಕುತ್ತಿಗೆಗೆ ಸುಮಾರು 27 ಕಿಲೋ ಭಾರ ಬೀಳುತ್ತದೆ ಎಂದು 2014ರಲ್ಲಿ ಬಂದ ಒಂದು ಲೆಕ್ಕಾಚಾರ ಹೇಳುತ್ತದೆ.

ಇನ್ನು ವ್ಯಾಸಪೀಠ, ಅಂದರೆ ನೆಲದಲ್ಲಿ ಕೂತು ಓದುವಾಗ ಪುಸ್ತಕ ತೆರೆದಿಡುವ ಮರದ ಪೀಠ. ನನಗೆ ಇದರ ಮೇಲೆ ಪ್ರೀತಿ ಹೆಚ್ಚು. ನಮ್ಮಲ್ಲಿರುವುದು ಹಲಸಿನ ಮರದ್ದು. ಒಂದೇ ಹಲಗೆಯನ್ನು ಸೀಳಿ ಮಾಡಿದ್ದಾರೆ. ನಡುವಿನ ಹಲ್ಲುಗಳು ಒಂದರೊಳಗೊಂದು ಕೂತಿವೆ, ಮೊಳೆಯೇ ಇಲ್ಲ. ಪುಸ್ತಕವನ್ನು ಎರಡು ಕಡೆಯಿಂದ ಅಂಗೈಯ ಹಾಗೆ ಹಿಡಿದುಕೊಳ್ಳುತ್ತದೆ, ಎಷ್ಟು ದಪ್ಪದ ಪುಸ್ತಕವಾದರೂ ಸರಿ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಹಿರಿಯರು ಪುರಾಣ ಓದುತ್ತಿದ್ದದ್ದು ಇದರ ಮೇಲೆಯೇ.

ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ನನಗೆ ಮೊಣಕಾಲು ಸೊಂಟಕ್ಕಿಂತ ಮೇಲಿರುತ್ತದೆ. ಆಗ ಸೊಂಟ ಹಿಂದಕ್ಕೆ ವಾಲಿ ಬೆನ್ನು ಬಾಗುತ್ತದೆ. ಮಣೆಯ ಮೇಲೆ ದಪ್ಪ ಹೊದಿಕೆ ಮಡಚಿ ಹಾಕಿ, ನಾಲ್ಕು ಬೆರಳು ಎತ್ತರ ಮಾಡಿ ಅದರ ಮುಂದಿನ ಅಂಚಿನಲ್ಲಿ ಕೂತೆ. ಮೊಣಕಾಲು ಕೆಳಗಿಳಿಯಿತು, ಸೊಂಟ ಮುಂದಕ್ಕೆ ಬಂತು, ಬೆನ್ನು ತಾನಾಗಿ ನೆಟ್ಟಗಾಯಿತು. ಎದೆ ಉಬ್ಬಿಸಿ ಕೂರುವ ಕಷ್ಟವೇ ಇಲ್ಲ.

ಒಂದೇ ಕೊರತೆ, ಪೀಠದ ಎತ್ತರ ಬರೀ ಒಂದು ಗೇಣು. ಹಾಗಾಗಿ ಅದನ್ನು ಅಟ್ಟದಿಂದ ಇಳಿಸಿದ ಹಳೆ ಟ್ರಂಕಿನ ಮೇಲಿಟ್ಟೆ. ಈಗ ಪುಟ ಎದೆಯ ಮಟ್ಟಕ್ಕೆ ಬಂದಿದೆ, ಕಣ್ಣಿಗೂ ಪುಟಕ್ಕೂ ಒಂದೂವರೆ ಅಡಿಯ ಹತ್ತಿರ ಅಂತರವಿದೆ. ಕಣ್ಣು ಮಾತ್ರ ಕೆಳಗೆ ನೋಡಿದರೆ ಸಾಕು, ತಲೆ ಬಗ್ಗಿಸಬೇಕಾಗಿಲ್ಲ. ಕಥೆ, ಕಾದಂಬರಿ, ಪುರಾಣ ಓದಲು ನನ್ನ ಆಯ್ಕೆ ಇದೇ.

ಊರಿನ ವಾಚನಾಲಯದಲ್ಲಿ ಪತ್ರಿಕೆ ಹರಡುವ ಇಳಿಜಾರು ಮೇಜನ್ನೂ ನೋಡಿ ಬಂದೆ. ನಿಂತು ಓದುವುದು ಬೆನ್ನಿಗೆ ಬಹಳ ಹಿತ, ಆದರೆ ಕಾದಂಬರಿ ಮುಗಿಯುವ ತನಕ ನಿಲ್ಲಲು ಆಗುವುದಿಲ್ಲ.

ವ್ಯಾಸಪೀಠ ಎಲ್ಲರಿಗೂ ಹೊಂದುವುದಿಲ್ಲ. ಮೊಣಕಾಲು ನೋವಿರುವವರು ನೆಲದಲ್ಲಿ ಕೂರುವ ಸಾಹಸ ಮಾಡಬೇಡಿ. ಜೋರು ಮಳೆಗೆ ನಮ್ಮ ಮನೆಯ ನೆಲವೂ ಬೆವರುತ್ತದೆ, ಆಗ ನಾನೂ ಕುರ್ಚಿಗೇ ಹೋಗುತ್ತೇನೆ. ಎಲ್ಲಿ ಕೂತರೂ ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದ ತನಕ ನಡೆದು ಬರಬೇಕು. ಎಷ್ಟೇ ಸರಿಯಾಗಿ ಕೂತರೂ ಅಲ್ಲಾಡದೆ ಕೂತ ಬೆನ್ನು ಬಿಗಿಯುತ್ತದೆ.

ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಅಣ್ಣನ ಮಗನಿಗೆ ಓದುತ್ತಲೇ ನೋಟ್ಸ್ ಬರೆಯಬೇಕು. ಅವನಿಗೆ ನಾನು ಹೇಳಿದ್ದು ಬೆನ್ನು ನೆಟ್ಟಗಿರುವ ಮರದ ಕುರ್ಚಿ, ಮೇಜಿನ ಮೇಲೆ ಒಂದು ಇಳಿಜಾರು ಹಲಗೆ. ಹಲಗೆಯ ಹಿಂದಿನ ತುದಿಗೆ ಎರಡು ದಪ್ಪ ಪುಸ್ತಕ ಒತ್ತು ಕೊಟ್ಟರೆ ಆಯಿತು. ಮುಂದಿನ ಅಂಚಿಗೆ ಮಾತ್ರ ಒಂದು ಅಡ್ಡಪಟ್ಟಿ ಹೊಡೆಯಲೇಬೇಕು, ಇಲ್ಲದಿದ್ದರೆ ಪುಸ್ತಕ ಜಾರಿ ಮಡಿಲಿಗೆ ಬೀಳುತ್ತದೆ.