ಬಿಚ್ಚಿ ನೋಡುವವರಿಗೆ ಬಿಬಿಸಿ ಮೈಕ್ರೋ ಮಾಡೆಲ್ ಬಿ ಹೇಗಿದೆ?

ಹಳೇ ಕಂಪ್ಯೂಟರ್ ಬಿಚ್ಚಿ ನೋಡುವ ಚಟ ಇರುವವರು ಮೊದಲು ಯಾವುದನ್ನು ಕೊಳ್ಳಬೇಕು ಅಂತ ಕೇಳಿದರೆ ನಾನು ಹೇಳೋದು ಬಿಬಿಸಿ ಮೈಕ್ರೋ ಮಾಡೆಲ್ ಬಿ. ನೋಡೋಕೆ ಅಂಥಾ ಚೆಂದ ಏನಿಲ್ಲ. ಕ್ರೀಮ್ ಬಣ್ಣದ ದಪ್ಪ ಡಬ್ಬ, ಮೇಲುಗಡೆ ಸಾಲಾಗಿ 10 ಕೆಂಪು ಫಂಕ್ಷನ್ ಕೀ, ಅಷ್ಟೇ. ಆದರೆ ಮುಚ್ಚಳ ತೆಗೆದು, ಒಳಗಿರೋದನ್ನು ಒಂದೊಂದಾಗಿ ಗುರುತಿಸಿ, ಫೋಟೋ ತೆಗೆದು, ಬರೆದಿಟ್ಟು, ಮತ್ತೆ ಜೋಡಿಸಿ ಆನ್ ಮಾಡೋಕೆ ಇಷ್ಟು ಅನುಕೂಲವಾಗಿರುವ ಇನ್ನೊಂದು ಹೋಮ್ ಕಂಪ್ಯೂಟರ್ ನಾನು ಕಂಡಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಕಂಪನಿ 1981ರ ಕೊನೆಗೆ ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿಗಾಗಿ ತಂದ ಮಷಿನ್ ಇದು. ನಮ್ಮ ದೇಶದ ಶಾಲೆಗಳಿಗೆ ಬಂದದ್ದು 1984ರಲ್ಲಿ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸೋಕೆ ಕೇಂದ್ರ ಸರ್ಕಾರ ತಂದ ‘ಕ್ಲಾಸ್’ ಯೋಜನೆಯಲ್ಲಿ. ಮೊದಲ ಕಂತಿಗೆ ಸುಮಾರು 250 ಶಾಲೆಗಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಕಂಪ್ಯೂಟರ್ ರೂಮ್ ನೆನಪಿದೆಯಲ್ವಾ, ಅಂಥ ಕೆಲವು ರೂಮುಗಳಲ್ಲಿ ಟೇಬಲ್ ಮೇಲೆ ಕೂತಿದ್ದದ್ದು ಇದೇ. ಆಮೇಲೆ ಪಿಸಿ ಬಂತು, ಇವು ಸ್ಟೋರ್ ರೂಮ್ ಸೇರಿದವು, ಅಲ್ಲಿಂದ ಗುಜರಿಗೆ. ನನಗೆ ಸಿಕ್ಕಿದ್ದೂ ಗುಜರಿ ದಾರಿಯಲ್ಲೇ. ಮಾರಿದವರು "ವರ್ಕಿಂಗ್ ಕಂಡೀಷನ್ ಸಾರ್, ಬೇಕಿದ್ರೆ ಇಲ್ಲೇ ಹಾಕಿ ನೋಡಿ" ಅಂದರು. ಹಾಕಲಿಲ್ಲ, ನೀವೂ ಹಾಕಬೇಡಿ.

ಯಾಕೆ ಅಂದರೆ ಪವರ್ ಸಪ್ಲೈ. ಎಡಗಡೆ ಇರುವ ಲೋಹದ ಡಬ್ಬದೊಳಗೆ ರಿಫಾ ಅನ್ನೋ ಕಂಪನಿಯ ಎರಡು ಫಿಲ್ಟರ್ ಕೆಪಾಸಿಟರ್ ಇರುತ್ತವೆ, ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಜೇನಿನ ಬಣ್ಣದ ಪಾರದರ್ಶಕ ಪ್ಲಾಸ್ಟಿಕ್, ಒಳಗೆ ಸುರುಳಿ ಸುತ್ತಿದ ಕಾಗದ ಕಾಣುತ್ತದೆ. ವರ್ಷಗಳು ಕಳೆದ ಹಾಗೆ ಆ ಪ್ಲಾಸ್ಟಿಕ್ ಮೇಲೆ ಕೂದಲೆಳೆ ಬಿರುಕುಗಳು ಬೀಳುತ್ತವೆ, ಅದರೊಳಗಿಂದ ಗಾಳಿಯ ತೇವ ಹೋಗಿ ಕಾಗದಕ್ಕೆ ಸೇರುತ್ತದೆ. ಪ್ಲಗ್ ಹಾಕಿದಾಗ ಕಂಪ್ಯೂಟರ್ ಚೆನ್ನಾಗಿಯೇ ಶುರುವಾಗಬಹುದು, ಸ್ವಲ್ಪ ಹೊತ್ತಾದ ಮೇಲೆ ಢಬ್ ಅಂತ ಒಡೆದು ಮನೆ ತುಂಬ ಹೊಗೆ, ಆ ವಾಸನೆ ಬೇಗ ಹೋಗೋದೂ ಇಲ್ಲ. ನನ್ನದರಲ್ಲಿ ಎರಡರ ಮೇಲೂ ಬಿರುಕಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಷ್ಟೇ ಮೈಕ್ರೋಫ್ಯಾರಡ್ ಇರುವ ಎಕ್ಸ್2 ಕೆಪಾಸಿಟರ್ (ಮೇನ್ಸ್ ಕರೆಂಟಿಗೆ ಜೋಡಿಸೋಕೆ ಅಂತಲೇ ಮಾಡಿದ್ದು) ಕೇಳಿ, ಅದು ಸಿಗದೆ ಇರುವ ವಸ್ತುವೇನಲ್ಲ. ‘ಎಕ್ಸ್2’ ಅಂತ ಮೇಲೆ ಬರೆದಿರಲೇಬೇಕು, ಅಂಗಡಿಯವರು ಇದೂ ಆಗುತ್ತೆ ಅಂತ ಬೇರೆ ಕೊಟ್ಟರೆ ತಗೋಬೇಡಿ. ಇನ್ನೊಂದು ಮಾತು: ಪ್ಲಗ್ ತೆಗೆದ ಮೇಲೂ ಆ ಡಬ್ಬದ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಮೇನ್ಸ್ ಕೆಲಸ ಗೊತ್ತಿಲ್ಲದಿದ್ದರೆ ಆ ಭಾಗವನ್ನು ಟಿವಿ ರಿಪೇರಿಯವರ ಕೈಗೆ ಕೊಡೋದೇ ವಾಸಿ.

ಇನ್ನು ಬಿಚ್ಚುವ ಸುಖ. ಹಿಂದೆ ಎರಡು, ಕೆಳಗೆ ಎರಡು ಸ್ಕ್ರೂ. ಪ್ರತಿಯೊಂದರ ಪಕ್ಕದಲ್ಲೂ ‘ಫಿಕ್ಸ್’ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಯಾವುದನ್ನು ತೆಗೆಯಬೇಕು ಅಂತ ಕಂಪನಿಯೇ ತೋರಿಸಿದೆ ನೋಡಿ! ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೂ ರಬ್ಬರ್ ಬುಷ್ ಕೆಳಗೆ ಅಡಗಿಸಿ, ಮೇಲೆ ಅಂಟು ಬೇರೆ ಹಾಕಿರುತ್ತಾರೆ. ಇಲ್ಲಿ ನಾಲ್ಕು ಸ್ಕ್ರೂ ತೆಗೆದರೆ ಮುಚ್ಚಳ ಸೀದಾ ಮೇಲೆ ಬರುತ್ತದೆ. ಕೀಬೋರ್ಡ್ ಬಿಚ್ಚಿ ಅದರ ರಿಬ್ಬನ್ ಕೇಬಲ್, ಸ್ಪೀಕರ್ ವೈರ್ ಕಳಚಿದರೆ ಬೋರ್ಡು ಪೂರ್ತಿ ಕಣ್ಣ ಮುಂದೆ. ಪವರ್ ಸಪ್ಲೈಯಿಂದ ಬರುವ ಕೆಂಪು, ಕಪ್ಪು, ನೇರಳೆ ವೈರುಗಳು ಬೋರ್ಡಿಗೆ ಬರೀ ತಳ್ಳಿ ಕೂರಿಸಿದವು, ಹಾಗಾಗಿ ಎಳೆಯುವ ಮುಂಚೆ ಯಾವ ಬಣ್ಣ ಎಲ್ಲಿ ಅಂತ ಹತ್ತಿರದಿಂದ ಫೋಟೋ ಬೇಕೇ ಬೇಕು. 5 ವೋಲ್ಟ್ ಜಾಗಕ್ಕೆ ಮೈನಸ್ 5 ಹೋದರೆ ಮುಗೀತು.

ಬೋರ್ಡ್ ಓದೋಕೆ ಬಹಳ ಸುಲಭ. ಪ್ರತಿ ಚಿಪ್ಪಿನ ಪಕ್ಕ ಅದರ ನಂಬರ್ ಅಚ್ಚಾಗಿದೆ, ಸರ್ವಿಸ್ ಮ್ಯಾನುಯಲ್ಲಿನ ಸರ್ಕ್ಯೂಟ್ ಚಿತ್ರದಲ್ಲೂ ಅದೇ ನಂಬರ್. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, 6845 ವಿಡಿಯೋ ಕಂಟ್ರೋಲರ್, ಟೆಲಿಟೆಕ್ಸ್ಟ್‌ಗೆ ಎಸ್ಎಎ5050, ಸೌಂಡಿಗೆ 76489. ಹದಿನಾರು ರ‍್ಯಾಮ್ ಚಿಪ್ ಸೇರಿ 32 ಕಿಲೋಬೈಟ್ ಮೆಮೊರಿ. ಇಲ್ಲಿ ಒಂದು ಜಾಣತನ ಇದೆ. ರ‍್ಯಾಮ್ ಪ್ರೊಸೆಸರ್‌ಗಿಂತ ಎರಡು ಪಟ್ಟು ವೇಗದಲ್ಲಿ ಓಡುತ್ತದೆ, ಒಂದು ಸಲ ಪ್ರೊಸೆಸರ್‌ಗೆ, ಮುಂದಿನ ಸಲ ಪರದೆಗೆ. ಅದಕ್ಕೇ ಚಿತ್ರ ಬಿಡಿಸುವಾಗ ಪ್ರೊಸೆಸರ್ ಕಾಯುತ್ತಾ ಕೂರೋದಿಲ್ಲ. ಇದನ್ನು ಮಾಡಿದ ಸ್ಟೀವ್ ಫರ್ಬರ್ ಮತ್ತು ಸೋಫಿ ವಿಲ್ಸನ್ ಮುಂದೆ ಆರ್ಮ್ ಪ್ರೊಸೆಸರ್ ಮಾಡಿದರು, 1985ರ ಏಪ್ರಿಲ್‌ನಲ್ಲಿ ಮೊದಲ ಆರ್ಮ್ ಚಿಪ್ ಓಡಿದ್ದೂ ಬಿಬಿಸಿ ಮೈಕ್ರೋಗೆ ಸಿಕ್ಕಿಸಿಯೇ. ಡಬ್ಬದ ತಳದಲ್ಲಿರುವ ‘ಟ್ಯೂಬ್’ ಅನ್ನೋ ಕನೆಕ್ಟರ್ ಇರೋದೇ ಎರಡನೇ ಪ್ರೊಸೆಸರ್ ಸಿಕ್ಕಿಸೋಕೆ.

ಬರೆದಿಡೋಕೆ ನಿಜವಾದ ಸರಕು ಇರೋದು ಕೀಬೋರ್ಡಿನ ಕೆಳಗೆ, ಬಲಗಡೆಯ ರೋಮ್ (ಕರೆಂಟು ಹೋದರೂ ಒಳಗಿನ ಪ್ರೋಗ್ರಾಂ ಅಳಿಯದ ಚಿಪ್) ಸಾಕೆಟ್‌ಗಳಲ್ಲಿ. ಐಸಿ 51ರಲ್ಲಿ ಆಪರೇಟಿಂಗ್ ಸಿಸ್ಟಮ್. ಪಕ್ಕದಲ್ಲಿ ಇನ್ನೂ ನಾಲ್ಕು ಸಾಕೆಟ್, ಒಂದರಲ್ಲಿ ಬೇಸಿಕ್ ಪ್ರೋಗ್ರಾಮಿಂಗ್ ಭಾಷೆ, ಉಳಿದವುಗಳಲ್ಲಿ ಆ ಶಾಲೆ ಏನು ಹಾಕಿಸಿತ್ತೋ ಅದು. ಎರಡು ಮಷಿನ್ ಹೊರಗಿಂದ ಒಂದೇ ಥರ ಇದ್ದರೂ ಇಲ್ಲಿ ಬೇರೆ ಬೇರೆ ಇರಬಹುದು. ನನ್ನದರಲ್ಲಿ ಒಂದು ಈಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ರೋಮ್) ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಚೀಟಿ ಇತ್ತು, ಅಕ್ಷರ ಮಾಸಿ ‘ಡಿಎಫ್’ ಅಷ್ಟೇ ಕಾಣುತ್ತಿತ್ತು. ಸುಮ್ನೆ ಕುತೂಹಲಕ್ಕೆ ಅಂತ ಅಂಥ ಚೀಟಿ ಕೀಳಬೇಡಿ. ಅದು ಹೆಸರಿಗೆ ಮಾತ್ರ ಅಲ್ಲ, ಚಿಪ್ಪಿನ ಗಾಜಿನ ಕಿಟಕಿ ಮುಚ್ಚೋಕೂ ಹೌದು. ಅಲ್ಟ್ರಾವಯೊಲೆಟ್ ಬೆಳಕು ಬೀಳುತ್ತಾ ಹೋದರೆ ಒಳಗಿರೋದು ಅಳಿಸಿ ಹೋಗುತ್ತದೆ. ಚಿಪ್ಪನ್ನು ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ ಈಪ್ರಾಮ್ ರೀಡರ್‌ಗೆ ಹಾಕಿದರೆ ಫೈಲಿನ ಶುರುವಿನಲ್ಲೇ ರೋಮಿನ ಹೆಸರು ಅಕ್ಷರಗಳಲ್ಲಿ ಸಿಗುತ್ತದೆ. ನನ್ನದು ಡಿಎಫ್ಎಸ್, ಅಂದರೆ ಫ್ಲಾಪಿ ನಡೆಸುವ ರೋಮ್. ಚಿಪ್ಪಿನ ಕಾಲುಗಳು ಕಪ್ಪಾಗಿದ್ದವು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿದ ಮೇಲೆ ಸರಿಹೋಯಿತು.

ದೂರುಗಳೂ ಇವೆ. ಐಸಿ 6, ಅಂದರೆ ಪರದೆಗೆ ಚಿತ್ರ ಕಳಿಸುವ ವಿಡಿಯೋ ಯುಎಲ್ಎ ಚಿಪ್, ಕೈ ಸುಡುವಷ್ಟು ಬಿಸಿಯಾಗುತ್ತದೆ. ಹೀಟ್‌ಸಿಂಕ್ ಬಿದ್ದು ಹೋಗಿದ್ದರೆ ಹಾಗೇ ಓಡಿಸಬೇಡಿ, ಅದು ಏಕಾರ್ನ್ ತನಗೆ ಅಂತಲೇ ಮಾಡಿಸಿದ ಚಿಪ್, ಅಂಗಡಿಗೆ ಹೋಗಿ ಕೇಳಿದರೆ ಸಿಗೋದಲ್ಲ. ಕೀಗಳಲ್ಲಿ ಧೂಳು ಕೂತು ಕೆಲವು ಒತ್ತಿದರೂ ಬರಲ್ಲ, ಕೆಲವು ಎರಡೆರಡು ಸಲ ಬರುತ್ತವೆ. ಹಿಂದಿನ ವಿಡಿಯೋ ಸಾಕೆಟ್‌ನಲ್ಲಿ ಸಾಮಾನ್ಯವಾಗಿ ಕಪ್ಪು-ಬಿಳುಪು ಮಾತ್ರ. ಬಣ್ಣ ಬೇಕಿದ್ದರೆ ಆರ್‌ಜಿಬಿ ಸಾಕೆಟ್‌ನಿಂದ ಕನ್ವರ್ಟರ್ ಹಾಕಬೇಕು, ಆ ಕೇಬಲ್ ನಾವೇ ಬೆಸುಗೆ ಹಾಕಿ ಮಾಡಿಕೊಳ್ಳೋದೇ ಸುಲಭ. ಇಷ್ಟೆಲ್ಲ ಆದ ಮೇಲೆ ಆನ್ ಮಾಡಿದರೆ ಮೊದಲು ತಗ್ಗಿದ ದನಿ, ಹಿಂದೆಯೇ ‘ಬೀಪ್’. ಮೊದಲ ದನಿ ನಿಲ್ಲದೆ ಕೂಗುತ್ತಲೇ ಇದ್ದರೆ ಮಷಿನ್ ಎದ್ದಿಲ್ಲ ಅಂತ ಅರ್ಥ. ಕೀಬೋರ್ಡ್ ಕೇಬಲ್ಲು, ರೋಮ್ ಸರಿಯಾಗಿ ಕೂತಿವೆಯೇ ನೋಡಿ.

ಕೊಳ್ಳೋದಾದರೆ ತಳದ ಚೀಟಿ ನೋಡಿ. ‘ಎಎನ್‌ಬಿ’ಯಿಂದ ಶುರುವಾದರೆ ಮಾಡೆಲ್ ಬಿ, ‘ಎಎನ್ಎ’ ಆದರೆ ಕಡಿಮೆ ಮೆಮೊರಿಯ ಮಾಡೆಲ್ ಎ. ಆಮೇಲೆ ಬಂದ ‘ಮಾಸ್ಟರ್’ ಸಿಕ್ಕರೆ ಒಳಗಿನ ಬ್ಯಾಟರಿ ಸೋರಿದೆಯಾ ಅಂತ ಮೊದಲು ಪರೀಕ್ಷಿಸಿ. ಮಾಡೆಲ್ ಬಿಯಲ್ಲಿ ಬ್ಯಾಟರಿಯೇ ಇಲ್ಲ, ಅಷ್ಟೂ ವರ್ಷ ಸ್ಟೋರ್ ರೂಮಿನಲ್ಲಿದ್ದರೂ ಬೋರ್ಡು ಉಳಿದುಕೊಳ್ಳೋಕೆ ಅದೇ ದೊಡ್ಡ ಕಾರಣ. ಇನ್ನು, ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಇದನ್ನೇ ‘ಯೂನಿಕಾರ್ನ್’ ಅನ್ನೋ ಹೆಸರಿನಲ್ಲಿ ಇಲ್ಲಿ ತಯಾರಿಸಿತ್ತು. ನೀಲಿ ಫಂಕ್ಷನ್ ಕೀ ಇರುವ ‘ಡಾಲ್ಫಿನ್’ ಅನ್ನೋ ಭಾರತೀಯ ನಕಲೂ ಒಂದಿತ್ತು. ಇವೆರಡರಲ್ಲಿ ಯಾವುದು ಸಿಕ್ಕರೂ ಚೌಕಾಸಿ ಮಾಡುತ್ತಾ ನಿಲ್ಲಬೇಡಿ, ಕೊಂಡುಬಿಡಿ. ಮನೆಗೆ ತಂದು ಧೂಳು ಒರೆಸುವ ಮುಂಚೆಯೇ ಬೋರ್ಡಿನ ಎರಡೂ ಬದಿ ಫೋಟೋ ತೆಗೆದು, ರೋಮ್‌ಗಳನ್ನು ಓದಿಸಿ ಇಟ್ಟುಕೊಳ್ಳಿ. ರಿಪೇರಿ ಆಮೇಲೆ.