ಡಾರ್ಸ್ ಚೋಕ್ ಅಂತ ದುಡ್ಡು ಕಟ್ಟಿಸ್ಕೊಂಡು ಅನಕೊಂಡ ಅನ್ನೋ ಬೇರೆ ಪಟ್ಟು ತೋರಿಸ್ತಾರೆ, ಹುಷಾರು

ಡಾರ್ಸ್ ಚೋಕ್ (ಜಿಯು-ಜಿತ್ಸು, ಎಂಎಂಎ ಅನ್ನೋ ಮಿಶ್ರ ಸಮರಕಲೆಯಲ್ಲಿ ಎದುರಾಳಿಯ ಕುತ್ತಿಗೆ ಹಿಂಡೋ ಪಟ್ಟು) ಒಂದನ್ನೇ ತಳಬುಡದಿಂದ ಕಲಿಸ್ತೀವಿ ಅಂತ ವಿಡಿಯೋ ಪ್ಯಾಕೇಜ್ ಮಾರ್ತಿದ್ದಾರಲ್ಲ, ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ. ಕಟ್ಟಿ ಆಗಿದ್ರೆ, ಜೊತೆಗೆ ಅಭ್ಯಾಸ ಮಾಡೋರ ಕುತ್ತಿಗೆ ಮೇಲೆ ಪ್ರಯೋಗಿಸೋ ಮುಂಚೆಯಾದ್ರೂ ಓದಿ. ದುಡ್ಡು ಹೋದ್ರೆ ಹೊಟ್ಟೆ ಉರಿಯುತ್ತೆ ಅಷ್ಟೆ. ಅದರಲ್ಲಿ ಹೇಳಿಕೊಟ್ಟ ಹಾಗೆ ಹಿಂಡಿದ್ರೆ ಎದುರಿಗಿರೋನ ಗಂಟಲೇ ಹೋಗುತ್ತೆ.

ಜಾಹೀರಾತು ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ. ಎಂಎಂಎ ಫೈಟರ್ ಟೋನಿ ಫರ್ಗುಸನ್ 2015ರ ಡಿಸೆಂಬರ್‌ನಲ್ಲಿ ಎಡ್ಸನ್ ಬಾರ್ಬೋಜಾನ ಮುಗಿಸಿದ್ದು, 2016ರಲ್ಲಿ ಲ್ಯಾಂಡೋ ವನಾಟಾನ ಮುಗಿಸಿದ್ದು, ಎರಡನ್ನೂ ತೋರಿಸ್ತಾರೆ. ಎರಡೂ ಅಸಲಿ ಡಾರ್ಸ್. ಮಾರೋಕೆ ಅಸಲಿ, ಕೊಟ್ಟಿದ್ದು ನಕಲಿ.

ಒಳಗಿನ ಮೊದಲ ಪಾಠದಲ್ಲೇ ಎದುರಾಳಿ ಮಂಡಿ, ಮೊಣಕೈ ಊರಿ ಟರ್ಟಲ್‌ನಲ್ಲಿ ಕೂತಿದ್ದಾನೆ. ಕಲಿಸೋ ಮಹಾಶಯ ಮುಂದಿನಿಂದ ಬಂದು ಕೈಯನ್ನ ಕುತ್ತಿಗೆ ಪಕ್ಕದಿಂದ ತೂರಿಸಿ, ಕಂಕುಳಿನಿಂದ ಆಚೆ ತೆಗೆದು, ರಟ್ಟೆ ಹಿಡಿದು, ಇಬ್ಬರೂ ಉರುಳ್ತಾರೆ. "ಇದೇ ಡಾರ್ಸ್" ಅಂತಾನೆ. ರೀ, ಅದು ಅನಕೊಂಡ! ಜಪಾನಿನ ಪ್ರೈಡ್ ಎಂಎಂಎ ಪಂದ್ಯಗಳ ಕಾಲದಲ್ಲಿ ಬ್ರೆಜಿಲ್ ಫೈಟರ್ ನೊಗೇರಾ ಹಾಕ್ತಿದ್ದ ಅನಕೊಂಡ. ಡಾರ್ಸ್‌ನಲ್ಲಿ ಕೈ ಹೋಗೋ ದಾರಿ ಸಂಪೂರ್ಣ ಉಲ್ಟಾ: ಮೊದಲು ಕಂಕುಳೊಳಗೆ ನುಗ್ಗಬೇಕು, ಕುತ್ತಿಗೆ ಕೆಳಗಿಂದ ಹಾದು, ಕುತ್ತಿಗೆಯ ಆಚೆ ಪಕ್ಕಕ್ಕೆ ಹೊರಬರಬೇಕು. ಕೈ ಎಲ್ಲಿಂದ ಒಳಹೋಗಿ ಎಲ್ಲಿಂದ ಹೊರಬರುತ್ತೆ ಅನ್ನೋದೇ ಈ ಎರಡು ಪಟ್ಟುಗಳ ವ್ಯತ್ಯಾಸ. ಅದೇ ಗೊತ್ತಿಲ್ಲದವನು ಕಲಿಸೋಕೆ ಕೂತಿದ್ದಾನೆ.

ಸರಿ, ಶೀರ್ಷಿಕೆ ತಪ್ಪಾಗಿರಬಹುದು ಅಂತ ಮುಂದಕ್ಕೆ ಹೋದ್ರೆ "ಎಡಗೈ ಆವೃತ್ತಿ" ಅಂತ ಬೇರೆ ಪಾಠ. ಅದಕ್ಕೆ ಪ್ರತ್ಯೇಕ ದುಡ್ಡು. ಅದೇ ಚಾಪೆ, ಅದೇ ಮಾತು, ಕೆಮ್ಮೋ ಜಾಗದಲ್ಲೂ ಅದೇ ಕೆಮ್ಮು. ಕೊನೆಗೆ ಕಣ್ಣಿಗೆ ಬಿದ್ದಿದ್ದು ಚಡ್ಡಿ ಮೇಲಿನ ಅಕ್ಷರ. ತಿರುಗುಮುರುಗು! ಬಲಗೈ ಮೇಲಿದ್ದ ಹಚ್ಚೆ ಎಡಗೈಗೆ ಬಂದಿದೆ. ಬಲಗೈ ವಿಡಿಯೋನೇ ಕನ್ನಡಿ ಮಾಡಿ ಎರಡನೇ ಸಲ ಮಾರಿದ್ದಾರೆ. ಹೇಳಿಕೊಳ್ಳೋಕೂ ನಾಚಿಕೆ ಆಗುತ್ತೆ. ಒಂದೇ ವಿಡಿಯೋಗೆ ಎರಡು ಸಲ ದುಡ್ಡು, ಅದೂ ಬೇರೆ ಪಟ್ಟಿನ ವಿಡಿಯೋ.

ಕೇಳಿದ್ದಕ್ಕೆ ಬಂದ ಮೊದಲ ಉತ್ತರ: "ಸರ್, ಎರಡೂ ಒಂದೇ, ಹೆಸರು ಮಾತ್ರ ಬೇರೆ."

ಒಂದೇ ಅಲ್ಲ. ಎರಡೂ ಆರ್ಮ್ ಟ್ರಯಾಂಗಲ್ ಕುಟುಂಬದ್ದೇ, ಅಷ್ಟು ನಿಜ. ಎರಡರಲ್ಲೂ ಕುತ್ತಿಗೆ ಜೊತೆ ಎದುರಾಳಿಯ ಒಂದು ತೋಳೂ ಒಳಗೆ ಸಿಕ್ಕಿಬೀಳುತ್ತೆ. ಕುತ್ತಿಗೆಯ ಒಂದು ಪಕ್ಕದ ರಕ್ತನಾಳವನ್ನ ನಮ್ಮ ಮುಂಗೈ ಮೂಳೆ ಒತ್ತುತ್ತೆ, ಇನ್ನೊಂದು ಪಕ್ಕವನ್ನ ಅವನದೇ ಭುಜ ಒತ್ತುತ್ತೆ. ಆದರೆ ಅವಕಾಶ ಸಿಗೋ ಜಾಗ ಬೇರೆ, ಮುಗಿಸೋ ಕ್ರಮ ಬೇರೆ. ಡಾರ್ಸ್‌ಗೆ ಬಾಗಿಲು ತೆರೆಯೋದು ಹೆಚ್ಚಾಗಿ ಹಾಫ್ ಗಾರ್ಡ್‌ನಲ್ಲಿ. ಹಾಫ್ ಗಾರ್ಡ್ ಅಂದ್ರೆ ಕೆಳಗಿರೋನು ಮೇಲಿರೋನ ಒಂದು ಕಾಲನ್ನ ತನ್ನ ಕಾಲುಗಳ ಮಧ್ಯೆ ಹಿಡಿದಿರೋ ಸ್ಥಿತಿ. ಕೆಳಗಿದ್ದವನು ನಮ್ಮ ಕಂಕುಳ ಕೆಳಗೆ ತೋಳು ತೂರಿಸಿ, ಅಂದ್ರೆ ಅಂಡರ್‌ಹುಕ್ ಹಾಕಿ, ಪಕ್ಕಕ್ಕೆ ಹೊರಳಿ, ಮೇಲೇಳೋಕೆ ನೋಡ್ತಾನಲ್ಲ, ಆಗ. ಅವನು ಅಂಡರ್‌ಹುಕ್‌ಗೆ ಚಾಚಿದ ತೋಳೇ ನಮಗೆ ದಾರಿ. ಇಡೀ ಪ್ಯಾಕೇಜಿನಲ್ಲಿ ಹಾಫ್ ಗಾರ್ಡ್ ಒಂದೇ ಒಂದು ಸಲ ಬರಲ್ಲ!

ಅವರು ಕಲಿಸದೆ ಬಿಟ್ಟಿದ್ದನ್ನ ಇಲ್ಲೇ ಬರೀತೀನಿ, ಪುಕ್ಕಟೆ ತಗೊಳ್ಳಿ. ಅಂಡರ್‌ಹುಕ್ ಹಾಕಿದ ತೋಳಿನ ಕೆಳಗೆ, ಕಂಕುಳಿಗೆ ಹತ್ತಿ, ಬೆರಳು ನೇರ ಮಾಡಿ ಕೈ ತೂರಿಸಿ. ಮುಷ್ಟಿ ಕಟ್ಟಿದ್ರೆ ಅಲ್ಲೇ ಸಿಕ್ಕಿಕೊಳ್ಳುತ್ತೆ, ಎಂಎಂಎ ಗ್ಲೌಸ್ ಹಾಕಿದ್ರಂತೂ ಕೇಳೋದೇ ಬೇಡ. ಮಣಿಕಟ್ಟು ಕುತ್ತಿಗೆ ದಾಟಿ ಆಚೆ ಕಾಣಬೇಕು. ಇನ್ನೊಂದು ಕೈ ತಲೆ ಹಿಂದೆ ಇಟ್ಟು ಗದ್ದವನ್ನ ಅವನ ಎದೆ ಕಡೆಗೆ ಒತ್ತಿ. ತಲೆ ಒಳಗೆ ಬಂದಷ್ಟೂ ದೂರ ಕಮ್ಮಿಯಾಗಿ, ತೂರಿಸಿದ ಕೈ ಇನ್ನೊಂದು ಕೈಯ ರಟ್ಟೆಗೆ ಎಟುಕುತ್ತೆ. ರಟ್ಟೆ ಸಿಕ್ಕಿದ ಮೇಲೆ ಆ ಇನ್ನೊಂದು ಕೈಯನ್ನ ಅವನ ಬೆನ್ನಿನ ಮೇಲೆ ಮಲಗಿಸಿ. ಆಮೇಲೆ ತೋಳಿನ ಕೆಲಸ ಬಹಳ ಕಮ್ಮಿ. ಸೊಂಟ ಹಿಂದಕ್ಕೆ ಹಾಕಿ ಸ್ಪ್ರಾಲ್ ಮಾಡಿ, ಎದೆ ಭಾರವನ್ನ ಅವನ ತಲೆ, ಭುಜದ ಮೇಲೆ ಇಳಿಸಿ, ಮೊಣಕೈ ಎರಡನ್ನೂ ಒಂದಕ್ಕೊಂದು ಹತ್ತಿರ ತನ್ನಿ. ಅವನು ಅಂಗಾತ ಹೊರಳಿಕೊಂಡ್ರೆ ಬಿಗಿ ಸಡಿಲವಾಗುತ್ತೆ, ಅದಕ್ಕೇ ಅವನ ಕಾಲನ್ನ ನಮ್ಮ ಕಾಲಿಂದ ಕೊಂಡಿ ಹಾಕಿ ತಡೆಯೋದು.

ಕೆಡೋದು ಎಲ್ಲಿ ಅಂದ್ರೆ, ಕೈ ಆಳಕ್ಕೆ ಹೋಗದಿದ್ದಾಗ. ಆಗ ಮುಂಗೈ ದವಡೆ ಮೇಲೆ ಕೂರುತ್ತೆ, ಇಲ್ಲಾ ನೇರ ಶ್ವಾಸನಾಳದ ಮೇಲೆ. ದವಡೆ ಮೇಲಿದ್ರೆ ನೋವು, ಕುತ್ತಿಗೆ ತಿರುಚಾಟ, ಆದರೆ ಚೋಕ್ ಆಗಲ್ಲ. ಶ್ವಾಸನಾಳದ ಮೇಲಿದ್ರೆ ಅಪಾಯ. ಇನ್ನೊಂದು ಕಾರಣ, ಅವನ ತೋಳು ಕುತ್ತಿಗೆಯ ಮಧ್ಯರೇಖೆ ದಾಟಿರಲ್ಲ, ಹಾಗಾಗಿ ಭುಜ ಒತ್ತಲ್ಲ, ಒಂದೇ ಪಕ್ಕ ಮುಚ್ಚಿರುತ್ತೆ. ಎಷ್ಟು ಹಿಂಡಿದ್ರೂ ಅವನು ಆರಾಮಾಗಿ ಕಣ್ಣು ಪಿಳಿಪಿಳಿ ಬಿಡ್ತಾ ಇರ್ತಾನೆ, ನಮ್ಮ ತೋಳು ಮಾತ್ರ ಬಳಲಿ ಬೀಳುತ್ತೆ.

ಇದನ್ನೇ ಬರೆದು ಕಳಿಸಿದೆ, ನಿಮ್ಮ ವಿಡಿಯೋದಲ್ಲಿ ಮುಂಗೈ ಗಂಟಲ ಗಂಟಿನ ಮೇಲಿದೆ ಅಂತ. ಬಂದ ಉತ್ತರ: "ನೋವಾಗ್ತಿದೆ ಅಂದ್ರೆ ಪಟ್ಟು ಹಿಡಿದಿದೆ ಅಂತ ಅರ್ಥ." ಇನ್ನೊಂದು: "ನಿಮ್ಮ ಕೈ ಚಿಕ್ಕದಿರಬೇಕು." ಉದ್ದ ಕೈ ಇದ್ರೆ ಡಾರ್ಸ್ ಸುಲಭ, ಒಪ್ಪೋಣ. ಆದರೆ ಅವರು ತೋರಿಸಿದ್ದು ಡಾರ್ಸೇ ಅಲ್ಲವಲ್ಲ! ಕೈ ಚಿಕ್ಕದಂತೆ!

ಎಲ್ಲಕ್ಕಿಂತ ಸಿಟ್ಟು ತರಿಸಿದ್ದು "ಮೂರು ಸೆಕೆಂಡಿನಲ್ಲಿ ಮಲಗಿಸಿ" ಅನ್ನೋ ಪಾಠ. ಎರಡೂ ಪಕ್ಕ ಸರಿಯಾಗಿ ಮುಚ್ಚಿದ್ರೂ ಪ್ರಜ್ಞೆ ತಪ್ಪೋಕೆ ಸುಮಾರು 10 ಸೆಕೆಂಡ್ ಆಸುಪಾಸು ಬೇಕು. ಮೂರು ಸೆಕೆಂಡಿನಲ್ಲಿ ಏನೂ ಆಗಲಿಲ್ಲ ಅಂತ ಕಲಿಯೋನು ಏನು ಮಾಡ್ತಾನೆ? ಇನ್ನೂ ಜೋರಾಗಿ, ಎಲ್ಲಿ ಸಿಕ್ಕಿದ್ರೆ ಅಲ್ಲಿ, ಒದ್ದೆ ಬಟ್ಟೆ ಹಿಂಡೋ ಹಾಗೆ ಹಿಂಡ್ತಾನೆ. ಅದರ ಮೇಲೆ ಅವರ ಸಲಹೆ, "ಮಲಗಿದ ಮೇಲೂ ಖಾತ್ರಿಗೆ ಸ್ವಲ್ಪ ಹೊತ್ತು ಹಿಡಿದಿರಿ." ಇದನ್ನ ಹೇಳಿದವನನ್ನ ಯಾವ ಚಾಪೆ ಹತ್ತಿರಕ್ಕೂ ಬಿಡಬಾರದು. ಮೈ ಸಡಿಲವಾದ ಕ್ಷಣ ಬಿಡಬೇಕು, ಅಷ್ಟೆ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದ್ರೆ ಸಾಮಾನ್ಯವಾಗಿ ಕೆಲವೇ ಸೆಕೆಂಡಿಗೆ ಎಚ್ಚರವಾಗುತ್ತೆ. ಆಗಲಿಲ್ಲವಾ, ಕಾಯಬೇಡಿ, ತುರ್ತು ಚಿಕಿತ್ಸೆಗೆ ಕರೆ ಮಾಡಿ.

ಇನ್ನೊಂದು ವಿಷಯ ಅಲ್ಲಿ ಬಾಯೇ ಬಿಡಲ್ಲ. ಡಾರ್ಸ್‌ನಲ್ಲಿ ಒಂದು ತೋಳು ಒಳಗೆ ಸಿಕ್ಕಿರುತ್ತೆ, ಇನ್ನೊಂದು ಎಷ್ಟೋ ಸಲ ಮೈ ಕೆಳಗಿರುತ್ತೆ. ಟ್ಯಾಪ್ ಮಾಡೋಕೆ, ಅಂದ್ರೆ ಸೋತೆ ಬಿಡು ಅಂತ ತಟ್ಟಿ ಹೇಳೋಕೆ, ಕೈಯೇ ಇರಲ್ಲ, ಕುತ್ತಿಗೆ ಬಿಗಿದಾಗ ದನಿಯೂ ಬರಲ್ಲ. ಕಾಲಿನಿಂದ ನೆಲಕ್ಕೆ ಬಡಿದ್ರೂ ಟ್ಯಾಪ್ ಅಂತ ಮೊದಲೇ ಮಾತಾಡಿಕೊಳ್ಳಬೇಕು, ಪಕ್ಕದಲ್ಲಿ ನೋಡೋರು ಒಬ್ಬರಿರಬೇಕು. ಮರುದಿನ ದನಿ ಒಡೆದ್ರೆ, ನುಂಗೋಕೆ ನೋವಾದ್ರೆ, ಕುತ್ತಿಗೆಯ ಒಂದೇ ಪಕ್ಕ ನೋವು ಜೊತೆಗೆ ತಲೆನೋವು, ಕಣ್ಣು ಮಂಜು, ಒಂದು ಕಡೆ ಕೈಕಾಲು ಬಲ ಕಮ್ಮಿ ಅನ್ನಿಸಿದ್ರೆ ತಕ್ಷಣ ಡಾಕ್ಟರ್ ಹತ್ತಿರ ಓಡಿ. ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿರೋ ಸಾಧ್ಯತೆ ಇರುತ್ತೆ, ಅದರಿಂದ ಪಾರ್ಶ್ವವಾಯು ಹೊಡೆಯಬಹುದು.

ದುಡ್ಡು ವಾಪಸ್ ಕೇಳಿದ್ದಕ್ಕೆ: "ನೀವು ವಿಡಿಯೋ ಪೂರ್ತಿ ನೋಡಿದ್ದೀರಿ, ನಿಯಮದ ಪ್ರಕಾರ ಬರಲ್ಲ." ಪೂರ್ತಿ ನೋಡದೆ ಎರಡನೆಯದು ಕನ್ನಡಿ ಅಂತ ಗೊತ್ತಾಗೋದು ಹೇಗೆ ಸ್ವಾಮಿ? ಅದಕ್ಕೆ ಒಂದು ನಮಸ್ಕಾರದ ಚಿತ್ರ ಬಂತು. ಆಮೇಲೆ ಬ್ಲಾಕ್.

ಹಾಗೇನಾದ್ರೂ ಕೊಳ್ಳಲೇಬೇಕು ಅಂದ್ರೆ, ಹಾಫ್ ಗಾರ್ಡ್‌ನಿಂದ ಹಾಕೋ ಡಾರ್ಸ್ ಒಂದನ್ನ ಪೂರ್ತಿ ಉಚಿತವಾಗಿ ತೋರಿಸಿ ಅಂತ ಮೊದಲು ಕೇಳಿ. ಎದುರಾಳಿ ಗದ್ದ ಎತ್ತಿ ಕುತ್ತಿಗೆ ಒಪ್ಪಿಸಿ ಕೂತಿದ್ರೆ ಬೇಡ, ಬಿಡಿಸಿಕೊಳ್ಳೋಕೆ ನಿಜವಾಗಿ ಒದ್ದಾಡ್ತಿರಬೇಕು. ತಪ್ಪಿಸಿಕೊಳ್ಳೋದು ಹೇಗೆ ಅನ್ನೋ ಪಾಠ ಇದೆಯಾ ನೋಡಿ. ಮೊಣಕೈಯನ್ನ ಪಕ್ಕೆಗೆ ಎಳೆದುಕೊಳ್ಳೋದು, ಸಿಕ್ಕಿದ ಕೈಯನ್ನ ಫೋನ್ ಎತ್ತೋ ಹಾಗೆ ಕಿವಿಗೆ ತಂದು ಜಾಗ ಮಾಡಿಕೊಳ್ಳೋದು, ಇಷ್ಟನ್ನೂ ಹೇಳದವನಿಗೆ ಪಟ್ಟು ಅರ್ಥವಾಗಿಲ್ಲ. ಈಗ ಅದೇ ಜನ ಅದೇ ಸರಕನ್ನ ಬ್ರಾಬೋ (ಡಾರ್ಸ್‌ಗೇ ಇರೋ ಇನ್ನೊಂದು ಹೆಸರು) ಅಂತ ಹೆಸರು ಬದಲಿಸಿ ಹೊಸ ಪ್ಯಾಕೇಜ್ ಮಾಡಿದ್ದಾರೆ, ಜೊತೆಗೆ ಗಿಲೋಟಿನ್ ಅನ್ನೋ ಇನ್ನೊಂದು ಕುತ್ತಿಗೆ ಪಟ್ಟು ಉಚಿತವಂತೆ. ಆ ಗಿಲೋಟಿನ್‌ನಲ್ಲಿ ಕೈ ಎಲ್ಲಿಂದ ಹೋಗುತ್ತೋ ದೇವರೇ ಬಲ್ಲ.