ಸೇನಾ ನೆಲೆಯ ಗುತ್ತಿಗೆ ಕೆಲಸಕ್ಕೆ ಹೊರಟವರಿಗೆ ಇ-ಮೈಗ್ರೇಟ್ ಎಷ್ಟು ಆಸರೆ?

ಕುವೈತಿನ ಕ್ಯಾಂಪ್ ಆರಿಫ್ಜಾನ್, ಇರಾಕಿನ ನೆಲೆಗಳು, 2021ರವರೆಗೆ ಅಫ್ಗಾನಿಸ್ತಾನದ ಬಗ್ರಾಮ್, ಕಂದಹಾರ್. ಅಮೆರಿಕದ ಸೇನೆ ಬೀಡುಬಿಟ್ಟಲ್ಲೆಲ್ಲ ಅಡುಗೆ, ಲಾಂಡ್ರಿ, ಜನರೇಟರ್, ಎಸಿ, ಗೋದಾಮು ನಡೆಯುವುದು ಗುತ್ತಿಗೆ ಕೆಲಸಗಾರರಿಂದ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿಟ್ಟು ಬಂದವರಲ್ಲಿ ಮಂಗಳೂರು ಕಡೆಯವರೂ ಇದ್ದರು. ಇಂಥ ಕೆಲಸಕ್ಕೆ ಹೊರಡುವ ಮುನ್ನ ಏಜೆಂಟರನ್ನೂ ಕರಾರನ್ನೂ ಪರಿಶೀಲಿಸಿಕೊಳ್ಳಲು ಭಾರತ ಸರ್ಕಾರ ಕೊಟ್ಟಿರುವ ಸೇವೆಯೇ ಇ-ಮೈಗ್ರೇಟ್ ಪೋರ್ಟಲ್. ಏಜೆಂಟ್ ಅಸಲಿಯೋ ನಕಲಿಯೋ ಎಂದು ತಿಳಿಯಲು ಇದು ಚೆನ್ನಾಗಿದೆ. ಕೆಲಸ ಎಂಥದ್ದೆಂದು ತಿಳಿಯಲು ಇದೊಂದೇ ಸಾಲದು.

ಪೋರ್ಟಲ್‌ನ ಅತ್ಯುತ್ತಮ ಭಾಗ ನೋಂದಾಯಿತ ಏಜೆಂಟರ ಪಟ್ಟಿ. ಲಾಗಿನ್ ಬೇಡ, ದುಡ್ಡೂ ಬೇಡ. ಹೆಸರು ಹುಡುಕಿದರೆ ಸಾಲದು, ಪರವಾನಗಿ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ, ಅವಧಿ ಮುಗಿದಿದೆಯೇ ನೋಡಬೇಕು. ಮೋಸ ನಡೆಯುವುದು ಹೆಚ್ಚಾಗಿ ಇಲ್ಲಿಯೇ: ಅಸಲಿ ಸಂಸ್ಥೆಯ ಹೆಸರು, ಪರವಾನಗಿ ಸಂಖ್ಯೆ ಎಲ್ಲ ಸರಿಯಾಗಿರುತ್ತದೆ, ಫೋನ್ ನಂಬರ್ ಮತ್ತು ಬ್ಯಾಂಕ್ ಖಾತೆ ಮಾತ್ರ ಬೇರೆಯವರದು. ಆದ್ದರಿಂದ ಜಾಹೀರಾತಿನ ನಂಬರಿಗೆ ಬೇಡ, ಪೋರ್ಟಲ್‌ನಲ್ಲಿರುವ ನಂಬರಿಗೇ ಕರೆ ಮಾಡಿ. ಊರೊಳಗಿನ 'ಸಬ್ ಏಜೆಂಟ್' ಎಷ್ಟೇ ಪರಿಚಯದವನಾದರೂ ಅವನ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ. ನೋಂದಣಿಯಿಲ್ಲದೆ ಜನರನ್ನು ಕಳುಹಿಸುವುದು 1983ರ ವಲಸೆ ಕಾಯ್ದೆಯಡಿ ಅಪರಾಧ.

ಶುಲ್ಕದ ವಿಷಯ ಬಂದಾಗ ಗೊಂದಲ ಶುರುವಾಗುತ್ತದೆ. ನಮ್ಮ ನಿಯಮದಂತೆ ಏಜೆಂಟ್ ₹30,000 ಮತ್ತು ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹35,400ರವರೆಗೆ ರಸೀದಿ ಕೊಟ್ಟು ಪಡೆಯಬಹುದು. ಆದರೆ ಅಮೆರಿಕ ಸರ್ಕಾರದ ಗುತ್ತಿಗೆಯಲ್ಲಿ ಕೆಲಸಗಾರನಿಂದ ನೇಮಕಾತಿ ಶುಲ್ಕ ಪಡೆಯುವುದೇ ನಿಷಿದ್ಧ. ಉಪಗುತ್ತಿಗೆದಾರನಿಗೂ ಅವನ ಏಜೆಂಟನಿಗೂ ಇದು ಅನ್ವಯಿಸುತ್ತದೆ. ಅಂದರೆ ಇಲ್ಲಿ ಕಾನೂನುಬದ್ಧವಾದ ರಸೀದಿಯೇ ಅಲ್ಲಿ ಉಲ್ಲಂಘನೆಗೆ ಪುರಾವೆ! ಇದನ್ನು ಪೋರ್ಟಲ್ ಎಲ್ಲಾದರೂ ಒಂದು ಸಾಲಿನಲ್ಲಿ ಹೇಳಿದ್ದರೂ ಎಷ್ಟೋ ಮನೆಗಳ ಸಾಲ ತಪ್ಪುತ್ತಿತ್ತು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದಕ್ಕೂ ಅಮೆರಿಕದ ಅದೇ ನಿಯಮದಲ್ಲಿ ತಡೆಯಿದೆ. ಲಿಖಿತ ಕರಾರು ಅಗತ್ಯವಿರುವಲ್ಲಿ ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಹೊರಡುವ ಕನಿಷ್ಠ 5 ದಿನ ಮೊದಲು ಕೈಗೆ ಸಿಗಬೇಕು. ಕನ್ನಡದಲ್ಲಿ ಕೇಳಲು ಸಂಕೋಚ ಬೇಡ.

ಪೋರ್ಟಲ್‌ನ ದೊಡ್ಡ ತೂತು ಇಸಿಎನ್‌ಆರ್, ಅಂದರೆ ವಲಸೆ ಅನುಮತಿ ಬೇಕಿಲ್ಲದ ಪಾಸ್‌ಪೋರ್ಟ್. ಹತ್ತನೇ ತರಗತಿ ಪಾಸಾಗದವರ ಇಸಿಆರ್ ಪಾಸ್‌ಪೋರ್ಟ್‌ಗೆ ಕುವೈತ್, ಇರಾಕ್, ಜೋರ್ಡಾನ್ ಸೇರಿ 18 ದೇಶಗಳಿಗೆ ವಲಸೆ ಅನುಮತಿ ಕಡ್ಡಾಯ. ಎಸ್ಸೆಸ್ಸೆಲ್ಸಿ ದಾಟಿದವರಿಗೆ ಅದು ಬೇಕಿಲ್ಲ. ನಮ್ಮ ಕಡೆಯ ಎಲೆಕ್ಟ್ರಿಷಿಯನ್, ಸ್ಟೋರ್‌ಕೀಪರ್‌ಗಳಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರು, ಹಾಗಾಗಿ ಅವರ ಕರಾರು ಪೋರ್ಟಲ್‌ನ ಕಣ್ಣಿಗೇ ಬೀಳುವುದಿಲ್ಲ. 2019ರ ಜನವರಿಯಿಂದ ಅವರಿಗೂ ನೋಂದಣಿ ಕಡ್ಡಾಯ ಎಂದು ಘೋಷಿಸಿ, ಜಾರಿಗೆ ಮುನ್ನವೇ ತಡೆಹಿಡಿದರು. ಸ್ವಯಂಪ್ರೇರಿತ ನೋಂದಣಿ ಉಳಿದಿದೆ, ಮಾಡಿಕೊಳ್ಳಿ. ವಿಸಿಟ್ ವೀಸಾದಲ್ಲಿ ಕಳುಹಿಸಿ 'ಅಲ್ಲಿ ಹೋದಮೇಲೆ ಬದಲಾಯಿಸೋಣ' ಎಂದರೆ ಅಲ್ಲಿಗೇ ನಿಲ್ಲಿಸಿ. 2004ರ ಆಗಸ್ಟ್‌ನಲ್ಲಿ ಇರಾಕಿನಲ್ಲಿ ಹತರಾದ 12 ನೇಪಾಳಿಗರಲ್ಲಿ ಹಲವರಿಗೆ ಹೇಳಿದ್ದು ಜೋರ್ಡಾನಿನ ಹೋಟೆಲ್ ಕೆಲಸ ಎಂದೇ.

ವಿಮೆಗೆ ಬರೋಣ. ಇಸಿಆರ್‌ನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ: ಎರಡು ವರ್ಷಕ್ಕೆ ₹275, ಮೂರು ವರ್ಷಕ್ಕೆ ₹375, ಅಪಘಾತದಲ್ಲಿ ಸತ್ತರೆ ₹10 ಲಕ್ಷ. ಆ ಬೆಲೆಗೆ ಒಳ್ಳೆಯದೇ. ಆದರೆ ಗಾಯಗೊಂಡು ಮನೆಯಲ್ಲಿ ಕೂತವನಿಗೆ ಅದು ವಾರದ ಕೂಲಿ ಕೊಡುವುದಿಲ್ಲ. ಕೊಡುವುದು ಅಮೆರಿಕದ 1941ರ ಡಿಫೆನ್ಸ್ ಬೇಸ್ ಆ್ಯಕ್ಟ್. ಯಾವ ದೇಶದವನಾದರೂ, ಉಪಗುತ್ತಿಗೆದಾರನ ಕೆಳಗಿದ್ದರೂ, ಪೂರ್ತಿ ಕೆಲಸ ಮಾಡಲಾಗದಷ್ಟು ದಿನ ಸರಾಸರಿ ವಾರದ ಸಂಬಳದ ಮೂರನೇ ಎರಡರಷ್ಟು ಮತ್ತು ಚಿಕಿತ್ಸೆ. ತಿಂಗಳಿಗೆ 600 ಡಾಲರ್ ಎಂದಿಟ್ಟುಕೊಳ್ಳಿ, ವಾರಕ್ಕೆ ಸುಮಾರು 138 ಆಯಿತು, ಪರಿಹಾರ 92ರ ಆಸುಪಾಸು. ಓವರ್‌ಟೈಮ್ ಸೇರಿದರೆ ಮೊತ್ತ ಏರುತ್ತದೆ. ಅದಕ್ಕೇ ಪ್ರತಿ ತಿಂಗಳ ಪೇ ಸ್ಲಿಪ್ ಫೋಟೊ ತೆಗೆದು ಊರಿಗೆ ಕಳುಹಿಸಬೇಕು. ಸ್ಲಿಪ್ ಇಲ್ಲದ ನಗದು ಸಂಬಳವನ್ನು ಸಾಬೀತು ಮಾಡುವುದು ಕಷ್ಟ. ಒಂದು ಅನ್ಯಾಯವೂ ಈ ಕಾಯ್ದೆಯೊಳಗಿದೆ: ಅಮೆರಿಕನ್ನರಲ್ಲದವರ ಶಾಶ್ವತ ಪರಿಹಾರವನ್ನು ಅಮೆರಿಕದ ಕಾರ್ಮಿಕ ಇಲಾಖೆಯ ಒಪ್ಪಿಗೆ ಪಡೆದು ಅರ್ಧ ಮೊತ್ತಕ್ಕೆ ಒಂದೇ ಕಂತಿನಲ್ಲಿ ಮುಗಿಸಬಹುದು.

ಇಷ್ಟು ಮುಖ್ಯವಾದ ಹಕ್ಕಿನ ಸುದ್ದಿ ಇ-ಮೈಗ್ರೇಟ್ ಕರಾರಿನಲ್ಲಿ ಸಿಗುವುದಿಲ್ಲ, ನೀವೇ ಕೇಳಿ ಪಡೆಯಬೇಕು. ಸಹಿ ಹಾಕುವ ಮೊದಲು ಮೂರು ವಿವರ ಬರೆಸಿಕೊಳ್ಳಿ: ಕೆಲಸದ ನೆಲೆಯ ಹೆಸರು, ಮೂಲ ಗುತ್ತಿಗೆಯ ಸಂಖ್ಯೆ, ಡಿಫೆನ್ಸ್ ಬೇಸ್ ಆ್ಯಕ್ಟ್ ವಿಮೆ ಕೊಟ್ಟ ಕಂಪನಿಯ ಹೆಸರು. ನೆಲೆಗೆ ಹೋದಮೇಲೆ ಲೆಟರ್ ಆಫ್ ಆಥರೈಸೇಷನ್ ಎಂಬ ಅನುಮತಿ ಪತ್ರ ಕೊಟ್ಟರೆ ಅದರಲ್ಲಿ ಊಟ, ಸಾರಿಗೆ, ಸೇನಾ ವೈದ್ಯಕೀಯ ಸೌಲಭ್ಯಗಳಲ್ಲಿ ಯಾವುದಕ್ಕೆ ಗುರುತು ಹಾಕಿದ್ದಾರೆಂದು ನೋಡಿ. ಬಾಯಿಮಾತಿನ ಭರವಸೆ ಗೇಟಿನಲ್ಲಿ ನಡೆಯುವುದಿಲ್ಲ.

ದೂರು ಕೊಡಲು ಇ-ಮೈಗ್ರೇಟ್ ಜತೆಗೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಕೂಡ ಇದೆ. ಗಾಯದ ಪರಿಹಾರ ಮಾತ್ರ ಇವೆರಡರ ಕೆಲಸವಲ್ಲ. ಪೆಟ್ಟಾದ 30 ದಿನದೊಳಗೆ ಮಾಲೀಕನಿಗೆ ಎಲ್‌ಎಸ್-201 ನಮೂನೆಯಲ್ಲಿ ಬರೆದು ತಿಳಿಸಬೇಕು, ಸಾಮಾನ್ಯವಾಗಿ 1 ವರ್ಷದೊಳಗೆ ಅಮೆರಿಕದ ಕಾರ್ಮಿಕ ಇಲಾಖೆಗೆ ಎಲ್‌ಎಸ್-203 ಸಲ್ಲಿಸಬೇಕು. ಕೆಲಸಗಾರ ತೀರಿಕೊಂಡರೆ ಹೆಂಡತಿ ಮಕ್ಕಳು ಸಲ್ಲಿಸಬೇಕಾದದ್ದು ಎಲ್‌ಎಸ್-262. ನೆಲೆ, ಗುತ್ತಿಗೆ ಸಂಖ್ಯೆ, ವಿಮಾ ಕಂಪನಿ, ಆ ಮೂರು ವಿವರಗಳ ಒಂದು ಪ್ರತಿ ಊರಿನ ಮನೆಯ ಕಪಾಟಿನಲ್ಲಿರಲಿ.